ಐವತ್ತೆಂಟು ಗ್ರಾಂ

ನಮ್ಮ ಮನೆಗೆ ಯಾವ ಸಾಮಾನು ಬಂದರೂ ಅದು ಅಪ್ಪನ ಅಂಗೈ ದಾಟಿಯೇ ಒಳಗೆ ಬರಬೇಕು. ಅಪ್ಪನದು ಗುಜರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮುರಿದ ಬಾಗಿಲ ಕೀಲು, ತುಂಡು ಪೈಪು, ಕೆಟ್ಟುಹೋದ ಫ್ಯಾನಿನ ಮೋಟಾರು, ಯಾವುದನ್ನೇ ಕೊಡಿ, ಒಂದು ಸಲ ಎತ್ತಿ, ಕಣ್ಣು ಅರೆ ಮುಚ್ಚಿ ತೂಕ ಹೇಳಿಬಿಡುತ್ತಾನೆ. ಆಮೇಲೆ ತಕ್ಕಡಿಗೆ ಹಾಕಿದರೆ ಹತ್ತು ಗ್ರಾಂ ಆಚೀಚೆ, ಅಷ್ಟೇ. ಬೀದಿಯವರು ಅವನನ್ನು ಕಿಲೋ ಎಂದೇ ಕರೆಯುವುದು. ನಾನು ಹುಟ್ಟಿದಾಗ ಆಸ್ಪತ್ರೆಯವರು ಬರೆದುಕೊಟ್ಟ ತೂಕವನ್ನು ನಂಬದೆ, ಮನೆಗೆ ತಂದು ಹಿತ್ತಾಳೆ ತೂಗುವ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿದನಂತೆ. ಐವತ್ತು ಗ್ರಾಂ ಹೆಚ್ಚೇ ಬಂತು ಎಂದು ಇವತ್ತಿಗೂ ಹೇಳಿಕೊಳ್ಳುತ್ತಾನೆ.

ತೂಕವಿದ್ದರೆ ಬೆಲೆ, ಇಲ್ಲದಿದ್ದರೆ ಮೋಸ. ಅಪ್ಪನ ಲೋಕಜ್ಞಾನ ಇಷ್ಟೇ. ಆ ಲೋಕಜ್ಞಾನವನ್ನು ದಿನಾ ಎತ್ತಿ ಇಳಿಸುವ ಕೆಲಸ ಮಾತ್ರ ಮನೆಯ ಹೆಂಗಸರದು. ಅನ್ನದ ಪಾತ್ರೆ ಖಾಲಿಯಿದ್ದಾಗಲೇ ನಾಲ್ಕು ಕಿಲೋ. ನೀರಿನ ಬಕೆಟ್ಟು ಕಬ್ಬಿಣದ್ದು. ಅಡುಗೆಮನೆಯ ಬಾಗಿಲು ಹಾಕಬೇಕಾದರೆ ಭುಜ ಕೊಡಬೇಕು. ಅಮ್ಮ ನಡುಮನೆಯಲ್ಲಿ ಮಷೀನಿಟ್ಟುಕೊಂಡು ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುತ್ತಾಳೆ. ಅವಳ ಕತ್ತರಿಯೂ ಕಬ್ಬಿಣದ್ದೇ, ಏಳುನೂರ ಹತ್ತು ಗ್ರಾಂ. ಮದುವೆಯಾದ ವರ್ಷ ಅಪ್ಪ ಊರೆಲ್ಲ ಹುಡುಕಿ ತಂದುಕೊಟ್ಟಿದ್ದು. ಇಪ್ಪತ್ತೇಳು ವರ್ಷದಿಂದ ಅದರಲ್ಲೇ ಬಟ್ಟೆ ಕತ್ತರಿಸಿ ಅವಳ ಬಲಗೈ ಹೆಬ್ಬೆರಳು ಈಗ ನೆಟ್ಟಗೆ ನಿಲ್ಲುವುದಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾಳೆ.

ಇಂಥ ಮನೆಗೆ ಮೂರು ವರ್ಷದ ಹಿಂದೆ ಅತ್ತಿಗೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ. ಡಾಕ್ಟರ ಕೋಳಿಕಾಲು ಬರಹ ಓದಿ, ಸಾವಿರ ಡಬ್ಬಗಳ ನಡುವೆ ಬೇಕಾದ ಒಂದನ್ನು ಕಣ್ಣು ಮಿಟುಕಿಸುವುದರೊಳಗೆ ಎಳೆದು ತೆಗೆಯುವವಳು. ಒಂದು ಸಂಜೆ ನಾನು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ಆಲೂಗಡ್ಡೆ ಹೆಚ್ಚುತ್ತ ಹಿಂದೆ ನಿಂತಿದ್ದವಳು, "ಆ ಮೂಲೆಗೆ ಹೋಗ್ಬೇಡ, ಗೋಡೆ ಹಿಂದೆ ಒಬ್ಬ ಇದ್ದಾನೆ" ಅಂದಳು. ಹೋದೆ, ಸತ್ತೆ. "ಕೊಡಿಲ್ಲಿ" ಎಂದು ಕುರ್ಚಿ ಎಳೆದುಕೊಂಡಳು. ಅವತ್ತು ಆಲೂಗಡ್ಡೆ ಹೆಚ್ಚಿದ್ದು ನಾನು.

ವರ್ಷ ತುಂಬುವುದರೊಳಗೆ ಅವಳು ನನ್ನನ್ನು ಹಿಂದೆ ಹಾಕಿದಳು. ದಿನಾ ಸಂಜೆ ಐದರಿಂದ ಏಳರವರೆಗೆ ಆಟ, ಏಳಕ್ಕೆ ಸರಿಯಾಗಿ ಒಲೆ. ಈ ತಿಂಗಳ ಕೊನೆಯ ಭಾನುವಾರ ಇಬ್ಬಿಬ್ಬರ ತಂಡಗಳ ಪಂದ್ಯವಿದೆ ಎಂದು ಕಾಲೇಜಿನ ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲಿ ಚೀಟಿ ಅಂಟಿಸಿದ್ದರು. ನಾನು ಅವಳ ಹೆಸರನ್ನೂ ನನ್ನ ಹೆಸರನ್ನೂ ಬರೆಸಿ ಬಂದೆ. ತೊಂದರೆ ಶುರುವಾಗಿದ್ದು ಅಲ್ಲಿಂದ.

ಆ ಕಂಪ್ಯೂಟರು ನಾನೇ ಜೋಡಿಸಿದ್ದು, ಅಪ್ಪನ ಗುಜರಿಯಿಂದ ಒಂದೊಂದೇ ಭಾಗ ಆರಿಸಿ. ಮೌಸೂ ಗುಜರಿಯದೇ, ಯಾವುದೋ ಆಫೀಸು ಎಸೆದದ್ದು. ಅದು ಕೈಗೆ ಕೂರುವುದಿಲ್ಲ ಎಂದು ಅಪ್ಪ ಒಳಗೊಂದು ಕಬ್ಬಿಣದ ಬಿಲ್ಲೆ ಅಂಟಿಸಿಕೊಟ್ಟಿದ್ದ. ಒಟ್ಟು ನೂರೈವತ್ತು ಗ್ರಾಂ. ಅತ್ತಿಗೆ ಆಡುವ ರೀತಿಯಲ್ಲಿ ಮಣಿಕಟ್ಟಷ್ಟೇ ಅಲ್ಲ, ಇಡೀ ಮುಂಗೈ ಓಡಾಡಬೇಕು. ಕೆಳಗೆ ಹಾಸಿದ ಹಾಳೆಯ ಅಂಚು ಬಂದಾಗಲೆಲ್ಲ ಮೌಸನ್ನು ಎತ್ತಿ ಈಚೆ ಇಡಬೇಕು, ಮತ್ತೆ ಎತ್ತಬೇಕು. ಒಂದು ಗಂಟೆ ಆಡಿದರೆ ಅವಳ ಮಣಿಕಟ್ಟು ಊದಿಕೊಳ್ಳುತ್ತಿತ್ತು. ರಾತ್ರಿಯ ಊಟ ಬಡಿಸುವಾಗ ಸೌಟನ್ನು ಎಡಗೈಗೆ ಬದಲಾಯಿಸುವುದನ್ನು ಮೊದಲು ಗಮನಿಸಿದ್ದು ಅಮ್ಮ.

"ಕೈಗೇನಾಯ್ತು?"

"ಮೌಸ್ ಭಾರ ಅತ್ತೆ. ಹಗುರದ್ದೊಂದು ತಗೋಬೇಕು ಅಂತಿದ್ದೀನಿ."

"ಕೈ ನೋವು ಅಂತ ಯಾರಾದ್ರೂ ಸಾಮಾನು ಬದಲಾಯಿಸ್ತಾರಾ? ಕೈ ಪಳಗಿಸ್ಬೇಕು. ನಾನು ಬದಲಾಯಿಸಿದ್ನಾ?"

ಅಪ್ಪ ತಟ್ಟೆಯಿಂದ ತಲೆ ಎತ್ತಿದ. "ಹಗುರ ಅಂದ್ರೆ ಎಷ್ಟು?"

"ಅರವತ್ತು ಗ್ರಾಂ ಒಳಗೆ."

"ಅರವತ್ತು ಗ್ರಾಂನಲ್ಲಿ ಏನಮ್ಮ ಇರುತ್ತೆ? ಒಂದು ಮೊಟ್ಟೆ ಅಷ್ಟಿರುತ್ತೆ. ಬೆಲೆ?"

"ಮೂರು ಸಾವಿರದ ಹತ್ತಿರ ಹತ್ತಿರ."

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಅವನ ತುಟಿ ಅಲುಗುತ್ತಿತ್ತು. ಲೆಕ್ಕ ಹಾಕುತ್ತಿದ್ದಾನೆಂದು ನಮಗೆಲ್ಲ ಗೊತ್ತಾಗಿ ಸುಮ್ಮನೆ ಕಾದೆವು. "ಕಿಲೋಗೆ ಐವತ್ತು ಸಾವಿರ" ಅಂದ ಕೊನೆಗೆ. "ಇವತ್ತು ಬೆಳಿಗ್ಗೆ ತಾಮ್ರ ಎಷ್ಟಕ್ಕೆ ಹೋಯ್ತು ಗೊತ್ತಾ? ನಲವತ್ತು ವರ್ಷದ ವ್ಯಾಪಾರದಲ್ಲಿ ಪ್ಲಾಸ್ಟಿಕ್ಕಿಗೆ ಈ ರೇಟು ನಾನು ಕೇಳಿಲ್ಲ."

"ಅದೂ ಆಟಕ್ಕೆ" ಎಂದಳು ಅಮ್ಮ. "ಮದುವೆಯಾಗಿ ಮೂರು ವರ್ಷ ಆದ ಹೆಂಗಸು. ನಾಲ್ಕು ಜನ ಕೇಳಿದ್ರೆ ಏನಂತ ಹೇಳ್ಲಿ?"

"ನಮ್ಮ ಸೊಸೆ ಚೆನ್ನಾಗಿ ಆಡ್ತಾಳೆ ಅಂತ ಹೇಳಿ" ಎಂದಳು ಅತ್ತಿಗೆ. ದನಿ ಏರಿಸಲಿಲ್ಲ. "ದಿನವಿಡೀ ಊರವರ ಕಾಯಿಲೆ ಚೀಟಿ ಓದ್ತೀನಿ. ಮನೆಗೆ ಬಂದ್ರೆ ನಿಮ್ಮೆಲ್ಲರ ಹಸಿವು ನೋಡ್ತೀನಿ. ಅದಕ್ಕೆ ನನ್ನ ತಕರಾರಿಲ್ಲ. ಮಧ್ಯದ ಎರಡು ಗಂಟೆ ನಂದು ಅತ್ತೆ. ರಜೆ ದಿನ ದುಡಿದಿದ್ದಕ್ಕೆ ಬಂದ ಹಣವೂ ನಂದೇ."

ಎಲ್ಲರೂ ಅಣ್ಣನ ಮುಖ ನೋಡಿದರು. ಅಣ್ಣ ಬೇಕರಿಯ ವ್ಯಾನು ಓಡಿಸುತ್ತಾನೆ. ರಸ್ತೆಯಲ್ಲಿ ಎಂಥ ಸಂದಿಯಲ್ಲೂ ನುಗ್ಗುವ ಗಂಡು, ಮನೆಯಲ್ಲಿ ಮಾತ್ರ ಯಾವ ಕಡೆಗೂ ತಿರುಗುವುದಿಲ್ಲ. "ನೋಡೋಣ" ಅಂದ. ಅವನು ಹುಟ್ಟಿದಾಗಿನಿಂದ ಹೇಳುತ್ತಿರುವುದು ಅದೊಂದೇ.

ಅತ್ತಿಗೆ ನೋಡುತ್ತ ಕೂರಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೊರಟಳು. ಹೊರಡುವ ಮೊದಲು ಅಮ್ಮನ ಅಳತೆ ಟೇಪಿನಲ್ಲಿ ತನ್ನ ಅಂಗೈ ಅಳೆದುಕೊಂಡಳು. ಅಪ್ಪ ಹಿತ್ತಾಳೆ ಚೂರು ತೂಗುವ ಪುಟ್ಟ ತಕ್ಕಡಿಯನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಎಷ್ಟಾದರೂ ಗುಜರಿಯವನ ಮಗಳು.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡ ಸಣಕಲ ಮನುಷ್ಯ. ನಾವು ಗಾಜಿನ ಮೇಜಿನ ಮೇಲೆ ತಕ್ಕಡಿ ಇಟ್ಟಾಗ ತರಕಾರಿ ಅಂಗಡಿಗೆ ಬಂದ ಹಾಗೆ ಬಂದಿದ್ದೀರಲ್ಲ ಎಂದು ನಕ್ಕ. ಅತ್ತಿಗೆ ನಗಲಿಲ್ಲ. ಐದು ಮೌಸು ತೆಗೆಸಿ ಸಾಲಾಗಿ ಇಡಿಸಿದಳು.

"ಡಬ್ಬದ ಮೇಲೆ ತೂಕ ಬರೆದಿದೆಯಲ್ಲಮ್ಮ."

"ಬರೆದಿರ್ಲಿ. ನಾವೂ ನೋಡ್ತೀವಿ."

ಎಲ್ಲಕ್ಕಿಂತ ಹಗುರದ್ದು ನಲವತ್ತೊಂಬತ್ತು ಗ್ರಾಂ. ನಾನು ಇದೇ ಇರಲಿ ಅಂದೆ. ಅವಳು ಅದನ್ನು ಬೆರಳ ತುದಿಯಲ್ಲಿ ಹಿಡಿದು, ಎತ್ತಿ, ಇಟ್ಟು, ಮತ್ತೆ ಎತ್ತಿ, ಬೇಡವೆಂದು ತಲೆಯಾಡಿಸಿದಳು. ಗಾತ್ರ ಚಿಕ್ಕದು, ಉಂಗುರಬೆರಳು ಮೇಜಿಗೆ ಉಜ್ಜುತ್ತಿತ್ತು. ಇನ್ನೊಂದು ತಂತಿಯಿಲ್ಲದ್ದು, ಹಗುರವೂ ಹೌದು, ಆದರೆ ಬೆಲೆ ಕೇಳಿ ಇಬ್ಬರೂ ಅದನ್ನು ಮೆಲ್ಲಗೆ ಕೆಳಗಿಟ್ಟೆವು. ಮೂರನೆಯದರ ಬೆನ್ನು ತೀರ ಎತ್ತರ. ನಾಲ್ಕನೆಯದರ ಗುಂಡಿ ಒತ್ತಿದರೆ ಸದ್ದು ಬರುತ್ತಿತ್ತೇ ಹೊರತು ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಐದನೆಯದಕ್ಕೆ ಮೈತುಂಬ ತೂತು, ಜೇನುಗೂಡಿನ ಹಾಗೆ. ಭಾರ ಇಳಿಸಲೆಂದೇ ಹಾಗೆ ಮಾಡಿದ್ದಾರೆಂದು ಅಂಗಡಿಯವನು ವಿವರಿಸಿದ. ತಂತಿ ಬಟ್ಟೆಯ ಲಾಡಿಯಷ್ಟು ಮೆತ್ತಗೆ. ಅತ್ತಿಗೆ ಅದನ್ನು ಹಿಡಿದು ಅಲ್ಲೇ ಕಾಲು ಗಂಟೆ ನಿಂತಳು. ಎತ್ತುವುದು, ಇಡುವುದು, ಎತ್ತುವುದು, ಇಡುವುದು. ಅಂಗಡಿಯವನು ಎರಡು ಗಿರಾಕಿಗಳನ್ನು ಮುಗಿಸಿ ಬಂದರೂ ಅವಳು ಎತ್ತಿ ಇಡುತ್ತಲೇ ಇದ್ದಳು.

"ಇದು" ಅಂದಳು. ತಕ್ಕಡಿಯಲ್ಲಿ ಐವತ್ತೆಂಟು ಗ್ರಾಂ. ಬೆಲೆ ಎರಡು ಸಾವಿರದ ಒಂಬೈನೂರು.

ಮನೆಯಲ್ಲಿ ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದ. ತೂತಿನ ಮೂಲಕ ಈ ಕಡೆಯಿಂದ ಆ ಕಡೆ ಕಾಣುತ್ತಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದು ಸಿಟ್ಟಿಗಿಂತ ಅಪಾಯ ಎಂದು ನನಗೆ ಆಗ ಹೊಳೆಯಲಿಲ್ಲ.

ಸೋಮವಾರ ಸಂಜೆ ನಾನೂ ಅತ್ತಿಗೆಯೂ ಹೆಚ್ಚುಕಡಿಮೆ ಒಟ್ಟಿಗೇ ಮನೆಗೆ ಬಂದೆವು. ಕಂಪ್ಯೂಟರಿನ ಮುಂದೆ ಕಪ್ಪಗೆ ದಪ್ಪಗೆ ಹೊಸ ಮೌಸೊಂದು ಕೂತಿತ್ತು. ಅದರ ಪಕ್ಕ ಮಡಿಸಿಟ್ಟ ನೋಟುಗಳು. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ, ಬಹುಮಾನ ಗೆದ್ದ ಮುಖ ಮಾಡಿಕೊಂಡು.

"ನಿನಗೆ ಸರಿಯಾಗಿ ಟೋಪಿ ಹಾಕಿದ್ರಮ್ಮ. ಒಳಗೆಲ್ಲ ಟೊಳ್ಳು, ಮೇಲೆ ತೂತು. ಹೋಗಿ ದಬಾಯಿಸಿದೆ. ತಪ್ಪಾಯ್ತು ಅಂತ ಬದಲಾಯಿಸಿಕೊಟ್ಟ. ನೂರ ಮೂವತ್ತೆರಡು ಗ್ರಾಂ. ಮೇಲೆ ಸಾವಿರದ ಎಂಟುನೂರು ವಾಪಸ್ಸು."

ಅತ್ತಿಗೆ ಹೆಗಲ ಚೀಲ ಇಳಿಸಲಿಲ್ಲ. "ನನ್ನ ಕೇಳದೇ ತಗೊಂಡು ಹೋದ್ರಾ ಮಾವ?"

"ಕೇಳೋದೇನು? ಮನೆಯವರಿಗೆ ಮೋಸ ಆದ್ರೆ ನೋಡ್ಕೊಂಡು ಕೂತಿರ್ಲಾ?"

"ಮೋಸ ಆಗಿರ್ಲಿಲ್ಲ. ಈಗ ಆಯ್ತು."

ಅಮ್ಮ ಮಷೀನು ನಿಲ್ಲಿಸಿದಳು. ಅಪ್ಪನ ಎದುರು ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿದ್ದಿಲ್ಲ. "ಹಿರಿಯರಿಗೆ ಹೀಗಾ ಹೇಳೋದು?" ಎಂದಳು.

"ಹೇಗೆ ಹೇಳ್ಲಿ ಅತ್ತೆ? ನೀವೇ ಹೇಳಿಕೊಡಿ. ಮಾವ ಒಂದು ಸಲ ಎತ್ತಿ ತೂಕ ಹೇಳ್ತಾರೆ, ಕೆಳಗಿಡ್ತಾರೆ. ಅವರ ಕೆಲಸ ಅಲ್ಲಿಗೆ ಮುಗೀತು. ಅದನ್ನ ನಾನು ಸಾವಿರ ಸಲ ಎತ್ತಬೇಕು. ಸಾವಿರನೇ ಸಲ ಎತ್ತೋವಾಗ ಎಷ್ಟು ತೂಕ ಇರುತ್ತೆ ಅಂತ ಯಾವ ತಕ್ಕಡಿ ಹೇಳುತ್ತೆ?"

ಅಪ್ಪನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಉಪಕಾರ ಮಾಡಿ ಬೈಸಿಕೊಂಡವನ ದಿಗಿಲು ಅವನ ಮುಖದಲ್ಲಿತ್ತು. "ಸಾವಿರದ ಎಂಟುನೂರು ಉಳಿಸಿದ್ದೀನಿ" ಎಂದು ಇನ್ನೊಮ್ಮೆ ಹೇಳಿದ. ಅತ್ತಿಗೆ ಆ ನೋಟು, ಆ ದಪ್ಪ ಮೌಸು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಂದ ಕಾಲಲ್ಲೇ ಅಂಗಡಿಗೆ ನಡೆದಳು. ನಾನು ಹಿಂದೆ ಓಡಿದೆ. ಅಲ್ಲಿ ಅವಳ ಮೌಸು ಆಗಲೇ ಬೇರೆಯವರ ಪಾಲಾಗಿತ್ತು. ಹೊಸ ಸರಕು ಬರುವುದು ಮುಂದಿನ ವಾರದ ಶುಕ್ರವಾರ, ಪಂದ್ಯ ಅದರ ಮೂರನೇ ದಿನ. ಅಲ್ಲಿಯವರೆಗೆ ಅಭ್ಯಾಸಕ್ಕೆ ಕೈಗೆ ಸಿಗುವುದು ಹಳೆಯ ನೂರೈವತ್ತು ಗ್ರಾಂ ಮಾತ್ರ. ಅತ್ತಿಗೆ ದಪ್ಪದ್ದನ್ನು ವಾಪಸು ಕೊಟ್ಟು, ಪೂರ್ತಿ ಹಣ ಕಟ್ಟಿ, ಚೀಟಿ ಬರೆಸಿಕೊಂಡಳು. ಚೀಟಿಯ ಮೇಲೆ ಇನ್ನೊಂದು ಸಾಲನ್ನೂ ಬರೆಸಿದಳು: ಇದನ್ನು ನನ್ನ ಹೊರತು ಬೇರೆ ಯಾರಿಗೂ ಬದಲಾಯಿಸಿಕೊಡಕೂಡದು.

ಅವತ್ತು ಅಡುಗೆಮನೆಗೆ ಹೋದವಳು ನಾಲ್ಕು ಕಿಲೋದ ಪಾತ್ರೆಯನ್ನು ಮುಟ್ಟಲಿಲ್ಲ. ಹಾಲು ಕಾಯಿಸುವ ಪುಟ್ಟ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅನ್ನಕ್ಕಿಟ್ಟಳು.

"ಅದರಲ್ಲಿ ಒಬ್ಬರಿಗಾಗೋಷ್ಟೇ ಆಗೋದು" ಎಂದಳು ಅಮ್ಮ.

"ಐದು ಸಲ ಮಾಡ್ತೀನಿ ಅತ್ತೆ. ಭಾರದ್ದನ್ನ ಇನ್ನು ನಾನು ಎತ್ತಲ್ಲ. ಈ ಕೈ ಪಂದ್ಯಕ್ಕೆ ಬೇಕು."

ಐದು ಕಂತಿನಲ್ಲಿ ಊಟ ಬಂತು. ಅಪ್ಪ ಕೈ ತೊಳೆದು ಆಕಳಿಸುವಾಗ ಅಣ್ಣನ ಅನ್ನ ಕುದಿಯುತ್ತಿತ್ತು. ಅತ್ತಿಗೆ ಉಣ್ಣುವ ಹೊತ್ತಿಗೆ ಬೇಳೆ ಆರಿ ತಣ್ಣಗಾಗಿತ್ತು. ಮರುದಿನವೂ ಹಾಗೆಯೇ. ಕಬ್ಬಿಣದ ಬಕೆಟ್ಟು ಬಚ್ಚಲ ಮೂಲೆಯಲ್ಲಿ ಬೋರಲು ಬಿತ್ತು, ಅತ್ತಿಗೆ ಚೊಂಬಿನಲ್ಲಿ ನೀರು ಹೊತ್ತಳು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಬೆಕ್ಕೊಂದು ಎರಡು ಸಲ ಬಂದು ಹೋಯಿತು. ಬುಧವಾರ ಅಣ್ಣ ಯಾರಿಗೂ ಹೇಳದೆ ಒಂದು ಪ್ಲಾಸ್ಟಿಕ್ ಬಕೆಟ್ಟು ತಂದಿಟ್ಟ.

"ಇದೇನಿದು?" ಎಂದ ಅಪ್ಪ, ಅದನ್ನು ಕಿರುಬೆರಳಲ್ಲಿ ಎತ್ತಿ. "ಆರು ತಿಂಗಳು ಬರಲ್ಲ."

"ಆರು ತಿಂಗಳಾದ್ಮೇಲೆ ಇನ್ನೊಂದು ತರ್ತೀನಿ" ಎಂದ ಅಣ್ಣ. ಸ್ವಲ್ಪ ತಡೆದು, "ಅವಳ ಸಾಮಾನು ನೀವು ಮುಟ್ಟಬಾರ್ದಿತ್ತಪ್ಪ" ಅಂದ. ನೋಡೋಣ ಎನ್ನುವ ಮಾತು ಅದರಲ್ಲಿ ಇರಲಿಲ್ಲ. ಹೇಳಿದ್ದಕ್ಕೆ ತಾನೇ ಬೆವತು ವ್ಯಾನು ತೊಳೆಯಲು ಹೋದ.

ಅಮ್ಮ ಆ ವಾರವೆಲ್ಲ ಗೊಣಗಿದಳು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬುದೇ ಗೊಣಗಾಟದ ಸಾರಾಂಶ. ಸಿಟ್ಟಿನಲ್ಲಿ ತಾನೇ ನಾಲ್ಕು ಕಿಲೋದ ಪಾತ್ರೆ ಇಳಿಸಲು ಹೋದಳು. ಮಸಿಬಟ್ಟೆ ಹಿಡಿದ ಹೆಬ್ಬೆರಳು ಮಾತು ಕೇಳಲಿಲ್ಲ. ಪಾತ್ರೆ ಒಲೆಯ ಮೇಲೇ ವಾಲಿ ಅರ್ಧ ಅನ್ನ ಚೆಲ್ಲಿತು. ಅತ್ತಿಗೆ ಓಡಿಬಂದು ಅವಳ ಕೈಗೆ ತಣ್ಣೀರು ಹಾಕಿದಳು. ಸುಟ್ಟಿರಲಿಲ್ಲ, ಆದರೆ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದಕ್ಕೆ ಎಷ್ಟು ವರ್ಷ ಆಯ್ತು ಅತ್ತೆ?"

"ಯಾವುದಕ್ಕೆ?"

"ಈ ಹೆಬ್ಬೆರಳಿಗೆ."

"ಗೊತ್ತಿಲ್ಲ. ಇವಳು ಶಾಲೆಗೆ ಸೇರೋ ಹೊತ್ತಿಗೆ ಹೀಗೇ ಇತ್ತು." ಅಮ್ಮ ನನ್ನ ಕಡೆ ತೋರಿಸಿದಳು. ನನಗೀಗ ಹತ್ತೊಂಬತ್ತು.

ಅತ್ತಿಗೆ ಚೆಲ್ಲಿದ್ದನ್ನು ಒರೆಸಿದಳು. ಆ ದಿನದಿಂದ ದೊಡ್ಡ ಪಾತ್ರೆ ಇಳಿಸುವ ಪಾಳಿ ಅಪ್ಪನದಾಯಿತು. ಬೇರೆ ದಾರಿಯಿರಲಿಲ್ಲ, ಐದು ಕಂತಿನ ಊಟ ಅವನಿಗೆ ಸಾಕಾಗಿತ್ತು. ದಿನಕ್ಕೆರಡು ಸಲ ಇಳಿಸುವುದು, ಇಳಿಸಿದ ಮೇಲೆ ಪಾತ್ರೆಯ ಗುಣಗಾನ ಮಾಡುವುದು. ನಾಲ್ಕನೇ ದಿನದ ಹೊತ್ತಿಗೆ ಗುಣಗಾನ ನಿಂತಿತು.

ಶುಕ್ರವಾರ ಮೌಸು ಬಂತು. ಅತ್ತಿಗೆ ಕಾಲು ತೊಳೆಯಲು ಹೋದಾಗ ಅಮ್ಮ ಮಷೀನು ಬಿಟ್ಟು ಎದ್ದು ಬಂದಳು. ಮೌಸಿನ ಮೇಲೆ ಕೈಯಿಟ್ಟಳು. ಎತ್ತಿದಳು, ಇಟ್ಟಳು. ಮತ್ತೆ ಎತ್ತಿದಳು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಎಣಿಸುತ್ತಿದ್ದೆ. ಮೂವತ್ತಕ್ಕೆ ನಿಲ್ಲಿಸಿ, ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಕತ್ತರಿನೂ ಹೀಗೆ ಬರುತ್ತಾ?" ಎಂದು ಕೇಳಿದಳು. ನನ್ನನ್ನಲ್ಲ, ಬಾಗಿಲಲ್ಲಿ ಬಂದು ನಿಂತಿದ್ದ ಸೊಸೆಯನ್ನು.

"ಬರುತ್ತೆ ಅತ್ತೆ. ನೂರೈವತ್ತು ಗ್ರಾಂನದ್ದೂ ಇದೆ. ಚೆನ್ನಾಗೇ ಕತ್ತರಿಸುತ್ತೆ."

"ಯಾವಾಗಿಂದ ಬರುತ್ತೆ?"

ಅತ್ತಿಗೆ ಉತ್ತರ ಕೊಡುವ ಮೊದಲು ಅಳೆದು ನೋಡಿದಳು. ಆದರೂ ಸುಳ್ಳು ಹೇಳಲಿಲ್ಲ. "ತುಂಬ ವರ್ಷದಿಂದ."

ಅಮ್ಮ ಹೋಗಿ ಮಷೀನಿನ ಮುಂದೆ ಕೂತಳು. ಅವತ್ತು ಒಂದು ಪರದೆಯೂ ಮುಗಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಸೆಂಟರಿನಲ್ಲಿ ಹನ್ನೆರಡು ತಂಡಗಳಿದ್ದವು, ಅವರವರ ಮೌಸು ಅವರವರ ಕೈಯಲ್ಲಿ. ಅಲ್ಲಿದ್ದವರಲ್ಲಿ ಮದುವೆಯಾದವಳು ಅತ್ತಿಗೆಯೊಬ್ಬಳೇ. ಪಕ್ಕದ ತಂಡದವನೊಬ್ಬ, "ಆಂಟಿ, ತಂಗಿ ಜೊತೆ ಬಂದಿದ್ದೀರಾ? ಕುರ್ಚಿ ಹೊರಗಿದೆ" ಅಂದ. ಅವರನ್ನೇ ಮೊದಲ ಸುತ್ತಿನಲ್ಲಿ ಸೋಲಿಸಿದೆವು. ಎರಡನೆಯದನ್ನೂ ಗೆದ್ದೆವು. ಮೂರನೆಯದರಲ್ಲಿ ನಾನು ಎರಡು ಸಲ ದುಡುಕಿದೆ, ಅತ್ತಿಗೆ ಒಬ್ಬಳೇ ಇಬ್ಬರ ಎದುರು ಉಳಿದು ಹೋರಾಡಿದಳು, ಸೋತೆವು. ನನಗೆ ಅಳು ಬಂತು. ಅವಳು ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡು, ಮುಂದಿನ ಪಂದ್ಯ ಯಾವಾಗ ಎಂದು ಸೆಂಟರಿನವನನ್ನು ಕೇಳುತ್ತಿದ್ದಳು.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಅಪ್ಪ ತಕ್ಕಡಿಯ ಹಿಂದೆ ಕೂತಿದ್ದ.

"ಗೆದ್ರಾ?"

"ಮೂರನೇದ್ರಲ್ಲಿ ಸೋತ್ವಿ ಮಾವ."

"ಹಾಗಾದ್ರೆ ಕಿಲೋಗೆ ಐವತ್ತು ಸಾವಿರ ನೀರಿಗೆ ಹೋಯ್ತು."

"ಕೈ ನೋಯ್ಲಿಲ್ಲ. ಮುಂದಿನ ತಿಂಗಳು ಇನ್ನೊಂದಿದೆ, ಹೆಸರು ಕೊಟ್ಟು ಬಂದಿದ್ದೀನಿ."

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ನಡುಮನೆಯಿಂದ ಅಮ್ಮ ಬಂದಳು, ಕತ್ತರಿ ಹಿಡಿದುಕೊಂಡು. ಗಿರಾಕಿಗಳು ನಿಲ್ಲುವ ಕಡೆ ನಿಂತು, ಅದನ್ನು ತಕ್ಕಡಿಯ ಮೇಲಿಟ್ಟಳು.

"ತೂಕಕ್ಕೆ ತಗೊಳ್ಳಿ."

"ಏನಿದು ತಮಾಷೆ?"

"ತಮಾಷೆ ಅಲ್ಲ. ಕಬ್ಬಿಣದ ರೇಟು ಹಾಕಿ. ನಾಳೆ ಸೊಸೆ ಜೊತೆ ಹೋಗಿ ಹಗುರದ್ದು ತರ್ತೀನಿ."

"ಅದು ನಿನಗೆ ನಾನು ಕೊಟ್ಟಿದ್ದು."

"ಅದಕ್ಕೇ ಬೇರೆಯವರಿಗೆ ಮಾರಿಲ್ಲ, ನಿಮಗೇ ತಂದಿದ್ದೀನಿ. ಎಷ್ಟಿದೆ ಹೇಳಿ."

ಅಪ್ಪ ತಕ್ಕಡಿ ನೋಡಲಿಲ್ಲ. "ಏಳುನೂರ ಹತ್ತು" ಅಂದ, ಕೋಪದಲ್ಲಿ. "ನಾನೇ ತೂಗಿ ತಂದಿದ್ದು, ನೋಡೋದೇನಿದೆ."

"ನೋಡಿ" ಎಂದಳು ಅಮ್ಮ.

ತಕ್ಕಡಿ ಆರುನೂರ ನಲವತ್ತೆಂಟು ತೋರಿಸುತ್ತಿತ್ತು. ಅಪ್ಪ ತಕ್ಕಡಿಯನ್ನು ತಟ್ಟಿದ. ಕತ್ತರಿ ತೆಗೆದು ಮತ್ತೆ ಇಟ್ಟ. ಆರುನೂರ ನಲವತ್ತೆಂಟು. ಕಿಲೋ ಎನಿಸಿಕೊಂಡವನು ಅರವತ್ತೆರಡು ಗ್ರಾಂ ತಪ್ಪಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

"ಇಪ್ಪತ್ತೇಳು ವರ್ಷ ಸಾಣೆ ಹಿಡಿಸಿದ್ದೀನಿ" ಎಂದಳು ಅಮ್ಮ. "ಕತ್ತರಿ ಸವೆದಿದ್ದನ್ನ ತಕ್ಕಡಿ ಹೇಳ್ತಲ್ಲ. ಈ ಕೈ ಸವೆದಿದ್ದನ್ನ ಯಾರು ಹೇಳ್ಬೇಕಿತ್ತು? ನಾನು ಹೇಳ್ಲಿಲ್ಲ, ಅದು ನನ್ನ ತಪ್ಪು. ನೀವು ತಂದ ದಿನದಿಂದ ಅದನ್ನೊಮ್ಮೆ ಕೈಯಲ್ಲಿ ಹಿಡಿದು ನೋಡ್ಲಿಲ್ಲ, ಅದು ನಿಮ್ಮದು."

ಅವಳು ಅಳುತ್ತಿರಲಿಲ್ಲ. ಗಿರಾಕಿಯ ಹಾಗೆ ಅಂಗೈ ಚಾಚಿ ಕಾಯುತ್ತಿದ್ದಳು. ಅತ್ತಿಗೆ ಅವಳ ಪಕ್ಕ ಬಂದು ನಿಂತಳು. ಅಪ್ಪ ಗಲ್ಲಾ ತೆರೆದು ಇಪ್ಪತ್ತು ಕೊಟ್ಟ. ಅಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೂ ಅಲ್ಲಿಂದ ಕದಲಲಿಲ್ಲ.

ಕೊಂಡದ್ದನ್ನು ಹಿಂದಿನ ಕಬ್ಬಿಣದ ರಾಶಿಗೆ ಎಸೆಯುವುದು ಅಪ್ಪನ ರೂಢಿ. ಕತ್ತರಿ ಎತ್ತಿಕೊಂಡ, ಎಸೆಯಲಿಲ್ಲ. ಹಿಡಿಯೊಳಗೆ ಹೆಬ್ಬೆರಳು ತೂರಿಸಿ, ಗಾಳಿಯಲ್ಲಿ ಬಟ್ಟೆ ಕತ್ತರಿಸುವವನ ಹಾಗೆ ತೆರೆದು ಮುಚ್ಚಿದ. ಒಂದು, ಎರಡು, ಮೂರು. ಎಂಟಕ್ಕೆ ನಿಲ್ಲಿಸಿ ಹೆಬ್ಬೆರಳ ಬುಡ ಒತ್ತಿಕೊಂಡ. ಹತ್ತಕ್ಕೆ ಕತ್ತರಿಯನ್ನು ಇನ್ನೊಂದು ಕೈಗೆ ಬದಲಾಯಿಸಿ, ಕೆಳಗಿಡಲು ಬಾಗಿದ.

"ಇಡ್ಬೇಡಿ" ಎಂದಳು ಅಮ್ಮ. "ಇನ್ನೂ ಒಂಬೈನೂರ ತೊಂಬತ್ತು ಸಲ ಬಾಕಿ ಇದೆ."